ಮನೆಹೊಲದ ಮೇಲಿನ ಸ್ಕೀ ದಾರಿ

ಜನವರಿ 21

ಈ ಮನೆಯಲ್ಲಿ ಬೈಯಲು ಸಿಗುವವರು ಅತ್ತೆಯೊಬ್ಬರೇ. ಅವರನ್ನು ಬೈದರೆ ಎರಡರಷ್ಟು ವಾಪಸ್ ಬರುತ್ತದೆ. ಹಸುಗಳನ್ನು ಬೈದರೆ ಹಾಲು ಇಳಿಸುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದುವ ಹಾಗಿಲ್ಲ, ಮುಂದೆ ನಾನೂ ಓದುವುದು ಅನುಮಾನ.

ಸೂರ್ಯ ಇವತ್ತು ಮರಳಿದ. ದಕ್ಷಿಣದ ಬೆಟ್ಟದ ಮೇಲೆ ಒಂದು ಚೂರು ಮುಖ ತೋರಿಸಿ, ಲೋಟದ ಕಾಫಿ ಆರುವಷ್ಟರಲ್ಲಿ ಒಳಗೆ ಹೋದ. ಈ ಉತ್ತರದ ತುದಿಯಲ್ಲಿ ನವೆಂಬರಿನಿಂದ ಅವನ ಮುಖವೇ ಇರಲಿಲ್ಲ, ಕಾದದ್ದು ಇಷ್ಟಕ್ಕೆ. ಅತ್ತೆ ಪದ್ಧತಿ ಬಿಡದೆ ಸಿಹಿ ಬನ್ನು ಮಾಡಿದ್ದರು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, "ನೋಡ್ಕೋ ಸುನ್ನಿವಾ, ಈ ವರ್ಷಾನೂ ಅವ್ನಿಗಿಂತ ಮೊದಲು ನಾನೇ ಎದ್ದು ಕೂತಿದ್ದೀನಿ" ಎಂದರು. ಎಂಬತ್ತು ದಾಟಿದ ಮೇಲೆ ಅವರಿಗೆ ಸೂರ್ಯನ ಜೊತೆಯೂ ಪಂದ್ಯ.

ಬನ್ನು ಬಾಯಿಗಿಡುವಾಗಲೇ ಹೊರಗೆ ಗುರ್ರ್ ಎಂಬ ಸದ್ದು. ಐಲಿಫ್ ತನ್ನ ಹಿಮದ ಸ್ಕೂಟರಿಗೆ ಭಾರದ ರೋಲರ್ ಕಟ್ಟಿಕೊಂಡು ನಮ್ಮ ಮನೆಹೊಲದ ಮೇಲೆ ಸ್ಕೀ ದಾರಿ ತುಳಿಯುತ್ತಿದ್ದ. ಹೊಳೆಯಾಚೆಯ ನೆರೆಯವನು. ಊರಿನ ಸ್ಕೀ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಜವಾನ ಎಲ್ಲ ಅವನೇ. ಊರಿನ ಸ್ಕೀ ದಾರಿ ನಮ್ಮ ಕೊಟ್ಟಿಗೆಯ ಪಕ್ಕದಿಂದ ಹೊರಟು ಮನೆಹೊಲವನ್ನು ಅಡ್ಡ ಹಾದು ಕಾಡಿಗೆ ಹೋಗುತ್ತದೆ. ನನ್ನ ಗಂಡ ಹಾಲ್ವೊರ್ ಕೈಕುಲುಕಿ ಒಪ್ಪಿಕೊಂಡದ್ದು. ಹಾಲ್ವೊರ್ ತೀರಿಕೊಂಡು ಎರಡು ವರ್ಷವಾಯಿತು, ಅವನು ಕೊಟ್ಟ ಮಾತು ಮಾತ್ರ ಗಟ್ಟಿಮುಟ್ಟಾಗಿ ಓಡಾಡುತ್ತಿದೆ. ಈ ಊರಿನಲ್ಲಿ ಸ್ಕೀ ದಾರಿಗೆ ಜಾಗ ಕೊಡುವುದಿಲ್ಲ ಎಂದವರಿಗೆ ಚರ್ಚಿನಲ್ಲೂ ಯಾರೂ ಜಾಗ ಬಿಡುವುದಿಲ್ಲ.

"ಹೋಗಿ ಅವನಿಗೊಂದು ಬನ್ನು ಕೊಟ್ಟು ಬಾರೇ" ಎಂದರು ಅತ್ತೆ.

"ನಮ್ಮ ಹುಲ್ಲಿನ ಎದೆ ಮೇಲೆ ರೋಲರ್ ಓಡಿಸ್ತಿದ್ದಾನೆ, ಬನ್ನು ಬೇರೆ ಕೇಡು ಅವನಿಗೆ."

"ಹುಲ್ಲು ಹಿಮದ ಕೆಳಗಿದೆ. ಬನ್ನು ನನ್ನ ತಟ್ಟೇಲಿದೆ. ನಾನೇ ಕೊಡ್ತೀನಿ ಬಿಡು."

ಕೊಟ್ಟರು ಕೂಡ, ಕಿಟಕಿ ತೆರೆದು. ಮನೆಯ ಶಾಖವೆಲ್ಲ ಹೊರಗೆ ಹೋಯಿತು.

ನನ್ನ ಸಿಟ್ಟಿಗೆ ಕಾರಣವಿದೆ, ಹಸುಗಳ ಚಳಿಗಾಲದ ಮೇವು ಬರುವುದು ಈ ಹೊಲದಿಂದ. ಅಕ್ಟೋಬರಿನಲ್ಲಿ ನೆಲ ಹೆಪ್ಪುಗಟ್ಟುವ ಮೊದಲೇ ಹಿಮ ಬಿತ್ತು. ಬಿದ್ದದ್ದು ಕರಗಲಿಲ್ಲ, ಮೇಲಿನಿಂದ ಮೇಲೆ ಬೀಳುತ್ತಲೇ ಇದೆ. ಅಂಥ ವರ್ಷ ಹುಲ್ಲು ದಪ್ಪ ಕಂಬಳಿಯ ಕೆಳಗೆ ಒದ್ದೆಯಾಗಿ, ಬೆಚ್ಚಗೆ ಮಲಗಿರುತ್ತದೆ. ಹಿಮದ ಬೂಷ್ಟಿಗೆ ಬೇಕಾದದ್ದು ಅದೇ. ಎಲ್ಲರೂ ಚಳಿಗೆ ಹುಲ್ಲು ಸಾಯುತ್ತದೆ ಎಂದುಕೊಳ್ಳುತ್ತಾರೆ. ಚಳಿಗೆ ಸಾಯುವ ಜಾತಿ ನಮ್ಮ ತಿಮೊತಿ ಹುಲ್ಲು ಅಲ್ಲ. ಅದು ಸಾಯುವುದು ಹೊದಿಕೆ ಹೆಚ್ಚಾಗಿ. ಇನ್ನು ತುಳಿದು ಗಟ್ಟಿ ಮಾಡಿದ ಹಿಮ ಎಲ್ಲಕ್ಕಿಂತ ಕೊನೆಗೆ ಕರಗುವಂಥದ್ದು, ಅದರ ಕೆಳಗಿನ ಹುಲ್ಲಿಗೆ ಇನ್ನೂ ಎರಡು ವಾರ ಹೆಚ್ಚಿನ ಶಿಕ್ಷೆ.

ಸೌದೆಮನೆಗೆ ಹೋದಾಗ ತಲೆಗೆ ನನ್ನ ಸ್ಕೀ ತಗುಲಿತು. ಎರಡು ಚಳಿಗಾಲದಿಂದ ಅಲ್ಲೇ ತೂಗುತ್ತಿವೆ. ಈ ವರ್ಷವೂ ಬಿಡುವಿಲ್ಲ.

ಫೆಬ್ರವರಿ 12

ಹಿಮ. ಕೊಟ್ಟಿಗೆ. ಹಿಮ. ಬೇಯಿಸಿದ ಮೀನು, ಆಲೂಗೆಡ್ಡೆ. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 6

ತಡೆಯಲಾಗಲಿಲ್ಲ, ಅಗೆದೆ.

ಕೃಷಿ ಸಲಹಾ ಕಚೇರಿಯ ಇಡುನ್ ಫೋನಿನಲ್ಲಿ ಹೇಳಿಕೊಟ್ಟಿದ್ದಳು: "ಹೊಲದ ಮೂರು ಕಡೆ ಹಿಮ ತೋಡಿ, ಬೇರು ಸಮೇತ ಒಂದೊಂದು ಹೆಂಟೆ ಕಿತ್ಕೊಂಡು ಬನ್ನಿ. ಅಡುಗೆಮನೆ ಕಿಟಕೀಲಿಟ್ಟು ನೀರು ಹಾಕಿ. ಜೀವ ಇದ್ರೆ ಚಿಗುರುತ್ತೆ, ಇಲ್ದಿದ್ರೆ ಇಲ್ಲ. ಅದಕ್ಕಿಂತ ದೊಡ್ಡ ವಿದ್ಯೆ ನನ್ನ ಹತ್ರಾನೂ ಇಲ್ಲ." ಇಲ್ಲಿಯ ರೈತರೆಲ್ಲ ಮಾರ್ಚ್ ತಿಂಗಳಲ್ಲಿ ಮಾಡುವುದು ಇದನ್ನೇ. ನಮ್ಮ ಊರಿನ ಅಡುಗೆಮನೆಗಳಲ್ಲಿ ಈ ಹೊತ್ತಿಗೆ ಹೂವಿನ ಕುಂಡಗಳಿಗಿಂತ ಮಣ್ಣಿನ ಹೆಂಟೆಗಳು ಜಾಸ್ತಿ.

ಸೊಂಟದ ಆಳ ತೋಡಿದೆ. ನೆಲ ಸಿಕ್ಕಿತು, ಸಲಿಕೆ ಸಲೀಸಾಗಿ ಇಳಿಯಿತು. ಇಳಿಯಬಾರದಿತ್ತು. ಮಾರ್ಚ್ ತಿಂಗಳಲ್ಲಿ ನೆಲ ಕಬ್ಬಿಣದಂತಿರಬೇಕು, ಇದು ಬೆಣ್ಣೆಯ ಹಾಗೆ ಕತ್ತರಿಸಿಕೊಂಡಿತು. ಹುಲ್ಲು ಬೂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿತ್ತು. ಮೇಲೆ ಬಿಳಿ ಜೇಡರಬಲೆ ಹಾಸಿದ ಹಾಗೆ ಬೂಷ್ಟು. ಸತ್ತ ಎಲೆಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಕಾಳುಗಳು. ಅವು ಅದರ ಬೀಜದ ಹಾಗೆ, ಬೇಸಿಗೆಯೆಲ್ಲ ಮಣ್ಣಿನಲ್ಲಿ ಬಿದ್ದಿದ್ದು ಮುಂದಿನ ಹಿಮಕ್ಕೆ ಮತ್ತೆ ಎದ್ದೇಳುತ್ತವೆ.

ಮೂರು ಹೆಂಟೆಗಳನ್ನು ಕೇಕಿನ ತಗಡುಗಳಲ್ಲಿಟ್ಟು ಕಿಟಕಿಗೆ ತಂದೆ. ಅತ್ತೆ ಮೂಗು ಮುಚ್ಚಿಕೊಂಡರು.

"ಇದು ನನ್ನ ಈಸ್ಟರ್ ಕೇಕಿನ ತಗಡು."

"ಗೊತ್ತು ಅತ್ತೆ."

"ಇನ್ನು ಇದರಲ್ಲಿ ಮಾಡಿದ ಕೇಕು ನೀನೇ ತಿನ್ಬೇಕು."

ಮಾರ್ಚ್ 19

ತಗಡುಗಳಲ್ಲಿ ಏನೂ ಇಲ್ಲ. ವಾಸನೆ ಮಾತ್ರ ಇದೆ, ನೆನೆದ ಕಾಗದದ್ದು.

ದನದ ವ್ಯಾಪಾರಿಗೆ ಫೋನ್ ಮಾಡಿದೆ. ಒಂಬತ್ತು ಹಸುಗಳು, ಎಲ್ಲವೂ. ಮನೆಹೊಲ ಹೋದರೆ ಅವಕ್ಕೆ ಮುಂದಿನ ಚಳಿಗಾಲಕ್ಕೆ ಮೇವಿಲ್ಲ. ದಕ್ಷಿಣದಿಂದ ಮೇವು ತರಿಸುವ ಶಕ್ತಿ ನನಗಿಲ್ಲ. ಉತ್ತು ಹೊಸದಾಗಿ ಬಿತ್ತಿದರೆ ಈ ವರ್ಷ ಕೊಯ್ಲಿಲ್ಲ. ಜೂನ್ ಮೊದಲ ವಾರ ಟ್ರಕ್ ಕಳಿಸುತ್ತೇನೆ, ಬೇಡವೆಂದರೆ ಮೇ ಮುಗಿಯುವುದರೊಳಗೆ ಹೇಳಿಬಿಡಿ ಎಂದ. ಸಭ್ಯ ಮನುಷ್ಯ. ಹಸುಗಳ ಹೆಸರನ್ನೂ ಕೇಳಿದ. ಡಾಗ್ರೊಸ್ ಎಂದು ಒಬ್ಬಳ ಹೆಸರು ಹೇಳಿ, ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟೆ.

ಇಲ್ಲಿ ನಿಜವನ್ನೇ ಬರೆಯಬಹುದು. ಫೋನ್ ಇಟ್ಟ ಮೇಲೆ ಒಂದು ಥರ ಹಗುರವೂ ಆಯಿತು. ಹಾಲ್ವೊರ್‌ನ ಹೊಲ ಸತ್ತದ್ದರಿಂದ ಹಸು ಹೋದವು ಎಂದು ಊರು ಹೇಳುತ್ತದೆ. ಸುನ್ನಿವಾ ಕೈಚೆಲ್ಲಿದಳು ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು ತಪ್ಪುತ್ತದೆ. ಅಂಗಡಿಯಲ್ಲಿ ಕೆಲಸ ಕೇಳಬಹುದು.

ಅತ್ತೆಗೆ ಹೇಳಿಲ್ಲ.

ಮಾರ್ಚ್ 31

ಇವತ್ತು ಬೂದಿ ಹಾಕಿದೆವು.

ಅತ್ತೆ ಚಳಿಗಾಲವಿಡೀ ಒಲೆಯ ಬೂದಿಯನ್ನು ತಗಡಿನ ಬಕೆಟ್ಟುಗಳಲ್ಲಿ ಕೂಡಿಡುತ್ತಾರೆ. ಅವರ ಅತ್ತೆಯೂ ಹಾಗೆಯೇ ಮಾಡುತ್ತಿದ್ದರಂತೆ. ಹಿಮದ ಮೇಲೆ ತೆಳ್ಳಗೆ ಕಪ್ಪು ಎರಚಿದರೆ ಬಿಸಿಲು ಹಿಡಿದು ಬೇಗ ಕರಗುತ್ತದೆ. ಒದ್ದು ತಳ್ಳುವ ಜಾರುಬಂಡಿಯ ಮೇಲೆ ಅವರನ್ನು ಕೂರಿಸಿ, ಮಡಿಲಲ್ಲಿ ಬಕೆಟ್ ಇಟ್ಟು ಹೊಲವೆಲ್ಲ ತಳ್ಳಿಕೊಂಡು ತಿರುಗಿದೆ. ಕಪ್ಪು ಕನ್ನಡಕ ಹಾಕಿಕೊಂಡು ರಾಣಿಯ ಹಾಗೆ ಎರಚಿದರು. ಸ್ಕೀ ದಾರಿಯ ಹತ್ತಿರ ಬಂದಾಗ ಕೈ ಮಡಚಿ ಕೂತರು.

"ಇಲ್ಲಿ ಬೇಡ. ಶನಿವಾರ ಮಕ್ಕಳ ಈಸ್ಟರ್ ಓಟ ಇದೆ."

"ಎಲ್ಲಕ್ಕಿಂತ ಕೊನೆಗೆ ಕರಗೋದು ಇದೇ ಅತ್ತೆ. ಇಲ್ಲೇ ಹಾಕ್ಬೇಕಾದ್ದು."

"ಬೂದಿ ಮೇಲೆ ಸ್ಕೀ ಓಡುತ್ತೇನೇ? ಮರಳಿನ ಮೇಲೆ ಓಡಿಸಿದ ಹಾಗಾಗುತ್ತೆ. ನಾನು ಸ್ಕೀ ಓಟದಲ್ಲಿ ಜಿಲ್ಲೆಗೇ ಎರಡನೆಯವಳಾಗಿ ಬಂದವಳು, ನನ್ನ ಕೈಯಿಂದ ಇದಾಗಲ್ಲ."

ಅವರನ್ನು ಮನೆಗೆ ಬಿಟ್ಟು ಬಂದು ನಾನೇ ಹಾಕಿದೆ. ಕೊಟ್ಟಿಗೆಯಿಂದ ಕಾಡಿನ ಅಂಚಿನವರೆಗೆ. ಹಾಕುವಾಗ ಕೈಗೆ ಬಹಳ ಸುಖವೆನಿಸಿತು. ನನ್ನ ನೆಲ, ನನ್ನ ಬೂದಿ.

ಏಪ್ರಿಲ್ 1

ಐಲಿಫ್ ಬೆಳಿಗ್ಗೆ ಬಂದ. ಕಪ್ಪಾದ ದಾರಿಯನ್ನು ನೋಡುತ್ತಾ ನಿಂತ. ಅವನು ಬೈದರೆ ಹೇಳಲು ನನ್ನಲ್ಲಿ ಮಾತು ತಯಾರಿತ್ತು, ರಾತ್ರಿಯೆಲ್ಲ ಮಲಗಿಕೊಂಡೇ ಜೋಡಿಸಿದ್ದೆ. ಅವನು ಬಾಗಿಲಿಗೇ ಬರಲಿಲ್ಲ. ಕಾಡಿನಂಚಿನಿಂದ ಬಿಳಿ ಹಿಮವನ್ನು ಸ್ಕೂಟರಿನ ಹಿಂದಿನ ತೊಟ್ಟಿಗೆ ತುಂಬಿ ತಂದು, ಸಲಿಕೆಯಲ್ಲಿ ಹರಡಿ, ರೋಲರ್ ಎಳೆದು, ಮತ್ತೆ ತುಂಬಲು ಹೋದ. ಸಂಜೆಯವರೆಗೂ ಅದೇ. ತಯಾರಿಟ್ಟ ಮಾತುಗಳೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದವು.

ಅತ್ತೆ ಊಟದ ಹೊತ್ತಿಗೂ ನನ್ನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದಾಗ ಬೆಕ್ಕಿಗೆ ಹೇಳಿದರು.

ಏಪ್ರಿಲ್ 4

ಓಟ ನಡೆಯಿತು. ನಾನು ಕೊಟ್ಟಿಗೆಯ ಕಿಟಕಿಯಿಂದ ನೋಡಿದೆ. ಮೂರು ನಾಲ್ಕು ವರ್ಷದ ಪುಟಾಣಿಗಳು ಎದೆಗೆ ನಂಬರ್ ಕಟ್ಟಿಕೊಂಡು ಬಿದ್ದು ಎದ್ದು ಹೋದರು. ಹೊಸ ಹಿಮ ತೆಳುವಾಗಿದ್ದ ಕಡೆ ಕೆಳಗಿನ ಬೂದಿ ಎದ್ದು ಬಂದು ಬಿದ್ದವರ ಹಿಂಭಾಗವೆಲ್ಲ ಕಪ್ಪಾಯಿತು. ಅಪ್ಪ ಅಮ್ಮಂದಿರು ನಮ್ಮ ಮನೆಯ ಕಡೆ ನೋಡಿದರು. ನಾನು ಡಾಗ್ರೊಸ್‌ಳ ಹಿಂದೆ ಬಗ್ಗಿ ಕೂತೆ, ಅವಳು ಯಾಕೆ ಎಂಬಂತೆ ತಿರುಗಿ ನೋಡಿದಳು.

ಓಡಿದವರಿಗೆಲ್ಲ ಪದ್ಧತಿಯಂತೆ ಒಂದೊಂದು ಕಿತ್ತಳೆ. ಎಲ್ಲ ಮುಗಿದ ಮೇಲೆ ನಮ್ಮ ಮೆಟ್ಟಿಲ ಮೇಲೂ ಎರಡು ಇದ್ದವು, ಯಾರೂ ಬಾಗಿಲು ತಟ್ಟಿರಲಿಲ್ಲ.

"ಯಾರಿಟ್ಟಿದ್ದು ಅಂತ ಬಾಯಿಬಿಟ್ಟು ಹೇಳ್ಬೇಕಾ?" ಎಂದು ಅತ್ತೆ ಒಂದನ್ನು ಸುಲಿದರು. ನನ್ನದನ್ನು ನಾನು ತಿನ್ನಲಿಲ್ಲ. ನಾಚಿಕೆಯಾಗಿತ್ತು. ಸ್ವಲ್ಪ ಹೊತ್ತಿಗೆ ಅವರೇ ಅದನ್ನೂ ಸುಲಿದರು.

ಏಪ್ರಿಲ್ 25

ಬೂದಿ ಹಾಕಿದ ಕಡೆ ಹಿಮ ಇಳಿಯುತ್ತಿದೆ. ಚಾವಣಿಯಿಂದ ಇಡೀ ದಿನ ನೀರು ತೊಟ್ಟಿಕ್ಕುವ ಸದ್ದು.

ಟ್ರಕ್ಕಿನ ವಿಷಯ ಅತ್ತೆಗೆ ಗೊತ್ತಾಗಿಬಿಟ್ಟಿದೆ. ನಾನು ಹಾಲು ಕರೆಯಲು ಹೋದಾಗ ವ್ಯಾಪಾರಿ ಫೋನ್ ಮಾಡಿದ್ದಾನೆ. ಕಿರುಚುತ್ತಾರೆಂದು ಕಾದೆ. ಅವರು ಹೆಣಿಗೆ ಹಾಕುತ್ತಲೇ, "ನಿನ್ನ ಬೆನ್ನು, ನಿನ್ನ ಬೆಳಗು. ನಾನು ಬೇಡ ಅನ್ನಲ್ಲ. ಆದ್ರೆ ತಪ್ಪನ್ನ ಹುಲ್ಲಿನ ಮೇಲೆ ಯಾಕೆ ಹಾಕ್ತೀಯ?" ಎಂದರು.

ಆಗಲೇ ತೊಳೆದಿಟ್ಟಿದ್ದ ಹಾಲಿನ ಬಕೆಟ್ಟನ್ನು ಇನ್ನೊಮ್ಮೆ ತೊಳೆಯಲು ಹೊರಗೆ ಹೋದೆ.

ಮೇ 7

ಹಿಮ ಹೋಗಿ ಹೊಲ ಬರಿದಾಯಿತು. ಬರಿದಾಗದೆ ಇದ್ದರೇ ಚೆನ್ನಾಗಿತ್ತು.

ಬೂದು, ಬೂದು, ಬೂದು. ಒದ್ದೆ ಬಟ್ಟೆ ಹಾಸಿದ ಹಾಗೆ ನೆಲಕ್ಕಂಟಿದ ಹುಲ್ಲು. ಕಾಲಿಟ್ಟರೆ ಪಚಕ್ಕೆನ್ನುತ್ತದೆ. ಅಲ್ಲಲ್ಲಿ ಬಿಸಿಲಿಗೆ ಒಣಗಿದ ಬೂಷ್ಟು ಕಾಗದದ ಚೂರಿನಂತೆ ಹಾರುತ್ತದೆ. ಹೊಲದ ನಡುವೆ ಸ್ಕೀ ದಾರಿ ಮಾತ್ರ ಬಿಳಿ ಗೆರೆಯಾಗಿ ಉಳಿದಿದೆ, ಐಲಿಫ್ ಹೊಸ ಹಿಮ ಹೊರಿಸಿದ್ದನಲ್ಲ. ಅದರ ಕೆಳಗಿನದನ್ನು ನೆನೆಸಿಕೊಳ್ಳುವುದೂ ಬೇಡ.

ಈ ಹೊಲವನ್ನು ಹಾಲ್ವೊರ್ ಬಿತ್ತಿದ್ದು ಅವನ ಕೊನೆಯ ವಸಂತದಲ್ಲಿ. ಆಗಲೇ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಟ್ರಾಕ್ಟರ್ ನಾನು ಓಡಿಸುತ್ತೇನೆಂದರೆ ಕೇಳಲಿಲ್ಲ. ಹೊಲದ ತುದಿಯಲ್ಲಿ ಟ್ರಾಕ್ಟರ್ ನಿಲ್ಲಿಸಿ, ದಣಿವಾರಿಸಿಕೊಂಡು, ಮತ್ತೆ ಹೊರಡುತ್ತಿದ್ದ. "ಐದು ವರ್ಷಕ್ಕೆ ಮೋಸ ಇಲ್ಲ ಕಣೇ ಈ ಹುಲ್ಲು" ಎಂದಿದ್ದ. ಅವನ ಕೈಯಿಂದ ಬಿದ್ದ ಬೀಜ ಇನ್ನು ಬೇರೆಲ್ಲೂ ಇಲ್ಲ, ಇದೊಂದೇ. ಇದನ್ನು ಯಾರಿಗೂ ಹೇಳಿಲ್ಲ. ಇವತ್ತು ಬೇಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಗಾಳಿ ಜೋರಾಗಿತ್ತು, ಕೊಟ್ಟಿಗೆಯವರೆಗೂ ಕೇಳಿಸಿರಲಾರದು.

ಮೇ 17

ರಾಷ್ಟ್ರೀಯ ಹಬ್ಬ. ಅತ್ತೆಯ ಬಲವಂತಕ್ಕೆ ಹಬ್ಬದ ಸಾಂಪ್ರದಾಯಿಕ ಉಡುಪು ಹಾಕಿಕೊಂಡು ಮಕ್ಕಳ ಮೆರವಣಿಗೆಗೆ ಹೋದೆ. ಸೊಂಟದ ಹತ್ತಿರ ಬಿಗಿಯಾಗಬೇಕಿದ್ದದ್ದು ಸಡಿಲವಾಗಿತ್ತು. ಐಲಿಫ್ ಎಲ್ಲರ ಮುಂದೆ ಬಾವುಟ ಹಿಡಿದಿದ್ದ. ಶಾಲೆಯ ಅಂಗಳದಲ್ಲಿ ಹಾಲಿನ ಗಂಜಿ ಬಡಿಸಿಕೊಳ್ಳುವ ಸಾಲಿನಲ್ಲಿ ನನ್ನ ಹಿಂದೆಯೇ ಬಂದು ನಿಂತ. ಓಡಿಹೋಗಲು ಜಾಗವಿರಲಿಲ್ಲ.

"ಬೂದಿ ಹಾಕಿದ್ದು ನಾನೇ" ಎಂದೆ, ಊರಿಗೆಲ್ಲ ಗೊತ್ತಿಲ್ಲವೇನೋ ಎಂಬಂತೆ.

"ಹೌದಾ? ನಾನು ನಿಮ್ಮತ್ತೆ ಅಂದ್ಕೊಂಡಿದ್ದೆ" ಎಂದ. ಮುಖದ ಮೇಲೆ ನಗುವಿನ ಸುಳಿವಿಲ್ಲ. ಆಮೇಲೆ, "ಹುಲ್ಲು ಹೇಗಿದೆ?" ಎಂದು ಕೇಳಿದ.

"ಸತ್ತಿದೆ."

"ನಾನು ಬಂದು ನೋಡ್ಲಾ?"

"ಸತ್ತದ್ದನ್ನು ನೋಡೋಕೇನಿದೆ?"

ಗಂಜಿ ಬಂತು. ಅವನು ನನ್ನ ತಟ್ಟೆಗೆ ದಾಲ್ಚಿನ್ನಿ ಪುಡಿ ಜಾಸ್ತಿ ಹಾಕಿದ. ನನಗದು ಇಷ್ಟವೆಂದು ಅವನಿಗೆ ಯಾರು ಹೇಳಿದರೋ.

ಮೇ 22

ಒಂದು ಕಾಲ್ಚೀಲ ಒಲೆಯ ಹತ್ತಿರ ಒಣಗುತ್ತಿದೆ, ಕೆಸರು ಕಾಲಿನಲ್ಲೇ ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಹಾಲು ಕರೆದು ಹೊರಗೆ ಬಂದೆ. ಸ್ಕೀ ದಾರಿಯ ಹಿಮ ನಿನ್ನೆಯ ಮಳೆಗೆ ಹೋಗಿತ್ತು. ಹೊಲದ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಬೂದು ಹೊಲದ ನಡುವೆ, ಕೊಟ್ಟಿಗೆಯಿಂದ ಕಾಡಿನವರೆಗೆ, ಒಂದು ಹಸಿರು ಪಟ್ಟಿ. ರೋಲರಿನ ಅಗಲಕ್ಕೆ ಸರಿಯಾಗಿ. ಅವನು ತಿರುವಿದ ಕಡೆ ತಿರುವಿಕೊಂಡು, ನೇರ ಹೋದ ಕಡೆ ನೇರವಾಗಿ.

ಓಡಿದೆ. ಬೂಟು ಕೆಸರಿನಲ್ಲಿ ಸಿಕ್ಕಿಕೊಂಡಿತು, ಆ ಕಾಲಿನ ಬರೀ ಕಾಲ್ಚೀಲದಲ್ಲೇ ಹೋಗಿ ಮಂಡಿಯೂರಿದೆ. ತಿಮೊತಿ. ಬದುಕಿರುವ, ಗಟ್ಟಿ, ಹಸಿರು ತಿಮೊತಿ. ಬೂಷ್ಟಿನ ಎಳೆ ಎಲ್ಲೂ ಇಲ್ಲ. ಕಿತ್ತು ನೋಡೋಣವೆಂದರೆ ಮನಸ್ಸು ಬರಲಿಲ್ಲ, ಕೈಯಾಡಿಸಿದೆ ಅಷ್ಟೆ.

ಎಲ್ಲಕ್ಕಿಂತ ಮೊದಲು ಸಾಯುತ್ತದೆ ಎಂದು ನಾನು ಅಂದುಕೊಂಡ ಜಾಗ ಇದು. ನಾನು ಶಾಪ ಹಾಕಿದ ಜಾಗ.

ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು: "ಒಂದೇ ಬೂಟಲ್ಲಿ ಅಲ್ಲೇನೇ ಮಾಡ್ತಿದ್ದೀಯ?"

"ಬದುಕಿದೆ ಅತ್ತೆ!"

"ಯಾರು?"

"ದಾರಿ!"

ಅವರು ಕೋಲೂರಿಕೊಂಡು ಬೇಲಿಯವರೆಗೆ ಬಂದು ನೋಡಿದರು. ಕೋಲನ್ನು ಹಸಿರಿನ ಕಡೆ ಚಾಚಿ, "ನಾನು ಹಾಕಿದ ಬೂದಿ" ಎಂದರು.

"ನೀವು ದಾರಿ ಮೇಲೆ ಹಾಕ್ಲೇ ಇಲ್ಲ. ಹಾಕಿದ್ದು ನಾನು. ಉಳಿದ ಹೊಲಕ್ಕೂ ಹಾಕಿದ್ವಲ್ಲ, ಅದ್ಯಾಕೆ ಹೀಗಿದೆ?"

"ಹಾಗಾದ್ರೆ ಗೊತ್ತಿಲ್ಲ. ಗೊತ್ತಿರೋರನ್ನ ಕರಿ."

ಮೇ 23

ಇಡುನ್ ಬಂದಳು. ಐಲಿಫ್ ಕೂಡ ಬಂದ. ನಾನೇ ಫೋನ್ ಮಾಡಿ ಕರೆದೆ, ಅವನ ರೋಲರಿನ ವಿಷಯವಾದ್ದರಿಂದ.

ಇಡುನ್ ಹಸಿರು ಪಟ್ಟಿಯ ಮೇಲೆ ಕೂತು ಐಲಿಫ್‌ನನ್ನು ಕೇಳಿದಳು, "ಯಾವಾಗಿಂದ ತುಳಿತಿದ್ರಿ?"

"ಮೊದಲ ಹಿಮ ಬಿದ್ದ ಮಾರನೇ ದಿನದಿಂದಾನೇ. ಮಕ್ಕಳು ಕಾಯಲ್ಲ."

"ಪ್ರತಿ ಸಲ ಹಿಮ ಬಿದ್ದಾಗ್ಲೂ?"

"ಬಿದ್ದಾಗೆಲ್ಲ. ಇವರು ಕಿಟಕೀಲಿ ನಿಂತು ನನ್ನ ಗುರಾಯಿಸ್ತಿದ್ರು."

"ಗುರಾಯಿಸಿದ್ದು ನಿಮ್ಮನ್ನಲ್ಲ, ರೋಲರನ್ನ" ಎಂದೆ.

ಇಡುನ್ ನಕ್ಕು ವಿವರಿಸಿದಳು. ಹಿಮ ಉಬ್ಬಿಕೊಂಡಿದ್ದರೆ ಕಂಬಳಿ, ತುಳಿದರೆ ತೆಳು ದುಪ್ಪಟಿ. ತುಳಿದ ಕಡೆ ಚಳಿ ನೇರವಾಗಿ ಕೆಳಗಿಳಿದು ನೆಲ ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿದ ನೆಲದಲ್ಲಿ ಈ ಬೂಷ್ಟಿನ ಆಟ ನಡೆಯುವುದಿಲ್ಲ. ಉಳಿದ ಕಡೆ ಹುಲ್ಲು ಬೆಚ್ಚಗಿತ್ತು, ಬೂಷ್ಟೂ ಬೆಚ್ಚಗಿತ್ತು.

"ಪ್ರತಿ ವರ್ಷ ಹೀಗೇ ಆಗುತ್ತೆ ಅಂತ ನನ್ನ ಹೆಸರು ಹೇಳ್ಬೇಡಿ" ಎಂದಳು. "ತುಳಿದದ್ದು ಮಂಜುಗಡ್ಡೆ ಆಗಿಬಿಟ್ರೆ ಹುಲ್ಲು ಉಸಿರುಕಟ್ಟಿ ಸಾಯುತ್ತೆ. ಈ ಚಳಿಗಾಲ ನಿಮ್ಮ ಕಡೆ ಇತ್ತು."

ಆಮೇಲೆ ಬೂದು ಭಾಗಕ್ಕೆ ಹೋಗಿ, ಸತ್ತ ಎಲೆಗಳನ್ನು ಬೆರಳಿನಿಂದ ಬಿಡಿಸಿ, ನನ್ನ ಕೈ ಹಿಡಿದು ಬುಡಕ್ಕೆ ತಾಗಿಸಿದಳು. ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಒಳಗೆ ಬೆಳ್ಳಗೆ. ಇನ್ನೊಂದು ಕಡೆ ಮೆತ್ತಗೆ, ಕಂದು. ಮತ್ತೊಂದು ಕಡೆ ಗಟ್ಟಿ.

"ಎಲೆ ಹೋಗಿದೆ, ಅರ್ಧಕ್ಕರ್ಧ ಬುಡ ಇದೆ. ಉಳಬೇಡಿ. ಬೋಳಾದ ಕಡೆ ಮೇಲಿಂದ ಬೀಜ ಹಾಕಿ, ಕಾಯಿರಿ."

"ನನ್ನ ಕಿಟಕೀಲಿ ಒಂದೂ ಚಿಗುರಲಿಲ್ಲ" ಎಂದೆ.

ಅಡುಗೆಮನೆಯಲ್ಲಿ ಅತ್ತೆ ಕಾಫಿ ಮಾಡುತ್ತಾ ನಿಂತಿದ್ದರು. ತಗಡುಗಳು ಕಿಟಕಿಯಲ್ಲಿ ಕಾಣದೆ ಬಹಳ ದಿನವಾಗಿತ್ತು, ಅವರು ಎಸೆದಿರಬೇಕೆಂದುಕೊಂಡಿದ್ದೆ. ಕೇಳಿದರೆ, ವಾಸನೆ ತಡೆಯಲಾರದೆ ಏಪ್ರಿಲಿನಲ್ಲೇ ತಮ್ಮ ಕೋಣೆಯ ಕಿಟಕಿಗೆ ಒಯ್ದಿದ್ದರಂತೆ. ಅವರ ಕೋಣೆಗೆ ವಾಸನೆ ಬರುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಹೋಗಿ ನೋಡಿದೆವು. ಎರಡು ತಗಡುಗಳಲ್ಲಿ ಸೂಜಿಯಂಥ ಚಿಗುರು, ಮಣ್ಣು ಒದ್ದೆ. ಒಂದೂವರೆ ತಿಂಗಳಿಂದ ನೀರು ಹಾಕುತ್ತಿದ್ದಾರೆ.

"ಹೇಳ್ಬಾರ್ದಾ ಅತ್ತೆ?"

"ನೀನು ಕೇಳಿದ್ಯಾ? ಟ್ರಕ್ ಕರೆಸುವಾಗ ನನ್ನ ಕೇಳಿದ್ಯಾ?" ಎಂದರು. ಆಮೇಲೆ ಮೆತ್ತಗೆ, "ಚಿಗುರಿದೆ ಅಂದಿದ್ರೆ ಹುಲ್ಲಿಗೋಸ್ಕರ ನೀನು ಉಳ್ಕೋತಿದ್ದೆ. ಅದು ನನಗೆ ಬೇಕಿರಲಿಲ್ಲ ಕಣೇ" ಎಂದರು.

ಎರಡು ನೀಲಿ ಲೋಟ, ಒಂದು ಬಿಳಿ ಲೋಟ, ಇಡುನ್‌ಗೆ ಹೂವಿನ ಲೋಟ. ಬಿಳಿಯದು ಹಾಲ್ವೊರ್‌ನದು. ಅವಸರದಲ್ಲಿ ಐಲಿಫ್‌ನ ಮುಂದೆ ಇಟ್ಟುಬಿಟ್ಟಿದ್ದೆ. ಅವನು ಕುಡಿದು ತೊಳೆದಿಟ್ಟು ಹೋದ.

ಮೇ 29

ಬೆಳಿಗ್ಗೆ ಡಾಗ್ರೊಸ್‌ಳ ಹಣೆ ಕೆರೆಯುತ್ತಾ ನಿಂತಿದ್ದೆ. ಹುಲ್ಲು ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅರ್ಧ ಬಂದರೆ ಅರ್ಧ ಮೇವು. ಒಂಬತ್ತು ಹಸುವಿಗೆ ಅದು ಸಾಲದು.

ಒಳಗೆ ಬಂದು ವ್ಯಾಪಾರಿಗೆ ಫೋನ್ ಮಾಡಿ ಟ್ರಕ್ ಬೇಡವೆಂದೆ.

"ಹುಲ್ಲು ಬಂತಾ?" ಎಂದು ಕೇಳಿದ.

"ಇನ್ನೂ ಇಲ್ಲ."

"ಮತ್ತೆ?"

"ಮತ್ತೆ ಏನಿಲ್ಲ. ಹಸು ಕೊಡಲ್ಲ ಅಷ್ಟೆ."

ಅವನು ಒಳ್ಳೆಯದಾಗಲಿ ಎಂದ. ಮಾರ್ಚ್ ತಿಂಗಳಲ್ಲಿ ಆದ ಹಗುರಕ್ಕೂ ಇವತ್ತಿನದಕ್ಕೂ ವ್ಯತ್ಯಾಸವಿದೆ. ಆಗ ನಿದ್ದೆ ಬಂದಿರಲಿಲ್ಲ. ಇವತ್ತು ಊಟದ ಮೇಜಿನ ಮೇಲೇ ತಲೆಯಿಟ್ಟು ಮಲಗಿಬಿಟ್ಟೆ. ಎದ್ದಾಗ ಹೆಗಲ ಮೇಲೆ ಅತ್ತೆಯ ಶಾಲು ಇತ್ತು.

ಜೂನ್ 16

ಬೆಚ್ಚನೆ ಮಳೆ, ಆಮೇಲೆ ರಾತ್ರಿಯೂ ಮುಳುಗದ ಬಿಸಿಲು. ಬೂದು ಹುಲ್ಲಿನ ಅಡಿಯಿಂದ ಹಸಿರು ನುಗ್ಗುತ್ತಿದೆ. ತೇಪೆ ಹಾಕಿದ ಕಂಬಳಿಯ ಹಾಗಿದೆ ಹೊಲ, ಆದರೂ ಕಂಬಳಿಯೇ. ಬೋಳಾದ ಕಡೆ ಬೀಜ ಎರಚಲು ಐಲಿಫ್ ಬಂದಿದ್ದ. ಎರಚಿದ್ದಕ್ಕಿಂತ ಅತ್ತೆಯ ಜೊತೆ ಹಳೆಯ ಓಟಗಳ ಬಗ್ಗೆ ವಾದ ಮಾಡಿದ್ದೇ ಹೆಚ್ಚು. ಜಿಲ್ಲೆಗೆ ಎರಡನೆಯವರಾದದ್ದಲ್ಲ, ಮೂರನೆಯವರು ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದ. ಅತ್ತೆ ಬೀಜದ ಬಕೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡರು.

ನಗು ತಡೆಯಲಾಗದೆ ಬೇಲಿಗೆ ಒರಗಿದೆ. ಹೊಟ್ಟೆ ನೋವು ಬರುವಷ್ಟು.

ಜುಲೈ 24

ಕೊಯ್ಲು ಮುಗಿಯಿತು. ಮನೆಹೊಲದಿಂದ ಎಂದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು ಹೊಳೆಯಾಚೆಯಿಂದ ಬಂತು. ಐಲಿಫ್ ಕುರಿ ಮಾರಿದ ಮೇಲೆ ಅವನ ಹೊಲದಲ್ಲಿ ಬೂಷ್ಟಿಗೆ ಹೋಗಿ ಉಳಿದ ಹುಲ್ಲು ಸುಮ್ಮನೆ ಬೆಳೆದು ಬೀಳುತ್ತಿತ್ತು. "ಕೊಯ್ಕೊಂಡು ಹೋಗಿ, ನನ್ನ ನೋಟಕ್ಕೂ ಚೆನ್ನಾಗಿರುತ್ತೆ" ಎಂದ. ಸುಮ್ಮನೆ ಬೇಡವೆಂದೆ. ಹಾಗಾದರೆ ವಾರಕ್ಕೊಮ್ಮೆ ಅಚ್ಚಿನಲ್ಲಿ ಸುಟ್ಟ ಸಿಹಿ ದೋಸೆ, ಮೇಲೆ ಕಂದು ಚೀಸ್ ಎಂದ. ಒಪ್ಪಿದೆ. ಅತ್ತೆ ಒಳಗಿನಿಂದಲೇ, "ಎರಡು ಸಲ ಅಂತ ಹೇಳೋ ದಡ್ಡ" ಎಂದು ಕೂಗಿದರು.

ಬಿಳಿ ಪ್ಲಾಸ್ಟಿಕ್ ಸುತ್ತಿದ ಮೇವಿನ ಉಂಡೆಗಳು ಕೊಟ್ಟಿಗೆಯ ಗೋಡೆಗೆ ಸಾಲಾಗಿ ನಿಂತಿವೆ. ಒಂಬತ್ತು ಹಸುವಿಗೂ ಸಾಕು. ಸಾಕು ಎಂದು ಬರೆಯುವಾಗ ಎಷ್ಟು ಚೆನ್ನಾಗಿರುತ್ತದೆ. ಸಾಕು.

ನವೆಂಬರ್ 3

ಬಹಳ ದಿನವಾಯಿತು ಬರೆದು. ಈ ವರ್ಷವೂ ನೆಲ ಹೆಪ್ಪುಗಟ್ಟುವ ಮೊದಲೇ ಹಿಮ ಬಿತ್ತು. ನಿನ್ನೆ ಶುರುವಾದದ್ದು, ಬೆಳಿಗ್ಗೆ ಕಣ್ಣು ಬಿಟ್ಟರೆ ಬೇಲಿಯ ಅರ್ಧ ಮುಚ್ಚಿತ್ತು. ಹೋದ ವರ್ಷವಾಗಿದ್ದರೆ ಮುಸುಕು ಎಳೆದುಕೊಳ್ಳುತ್ತಿದ್ದೆ. ಐಲಿಫ್‌ಗೆ ಫೋನ್ ಮಾಡಿದೆ.

"ರೋಲರ್ ತನ್ನಿ. ದಾರಿ ಮಾತ್ರ ಅಲ್ಲ, ಇಡೀ ಹೊಲ ತುಳೀಬೇಕು."

"ಇಡೀ ಹೊಲಾನಾ? ರೋಲರ್ ಒಂದೇ ಇರೋದು."

"ನನ್ನ ಹೊಲ, ನಾನು ಹೇಳಿದ ಹಾಗೆ. ಊರಲ್ಲಿ ಕಾಲುಗಳಿಲ್ವಾ?"

ಸಂಘದ ಸದಸ್ಯರಿಗೆಲ್ಲ ಅವನೇ ಸುದ್ದಿ ಮುಟ್ಟಿಸಿದ. ಶಾಲೆ ಬಿಟ್ಟ ಹೊತ್ತಿಗೆ ಊರೇ ಬಂದಿತ್ತು. ಸ್ಕೀ ಹಾಕಿಕೊಂಡವರು, ಹಿಮಬೂಟಿನವರು, ಜಾರುಬಂಡಿಯವರು. ಮೂರು ವರ್ಷದವರಿಂದ ಹಿಡಿದು ಅತ್ತೆಯವರೆಗೆ. ಹೊಲದ ಒಂದು ಅಂಗುಲವನ್ನೂ ಬಿಡದೆ ತುಳಿಯಬೇಕೆಂದು ಮಕ್ಕಳಿಗೆ ಹೇಳಿದ್ದೇ ತಡ, ಉರುಳಾಡಿದರು, ಕುಣಿದರು, ಬಿದ್ದರು. ಬೂದಿ ಎರಚಿದ ಅಮ್ಮ ಈಗ ತಾನಾಗಿಯೇ ಕರೆಯುತ್ತಿದ್ದಾಳೆ ಎಂದು ಯಾರೋ ಚುಡಾಯಿಸಿದರು. ಅತ್ತೆ ಜಾರುಬಂಡಿಯ ಮೇಲೆ ಕೂತು, "ಆ ಮೂಲೆ ಬಿಟ್ಟಿದ್ದೀರ! ಮತ್ತೆ ಹೋಗಿ!" ಎಂದು ಕೋಲು ತೋರಿಸಿ ಕೂಗುತ್ತಿದ್ದರು.

ಕಾಡಿನಂಚಿನ ಇಳಿಜಾರಿಗೆ ರೋಲರ್ ಹತ್ತುವುದಿಲ್ಲ, ಮಕ್ಕಳನ್ನು ಕಳಿಸಲು ಧೈರ್ಯವಿಲ್ಲ. ಯಾರಾದರೂ ಹೋಗಲೇಬೇಕಿತ್ತು. ಸೌದೆಮನೆಗೆ ಹೋಗಿ ಸ್ಕೀ ಇಳಿಸಿಕೊಂಡು ಬಂದೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಕತ್ತಲಾಗುವವರೆಗೆ ತುಳಿದೆ. ಹಾಲ್ವೊರ್ ಟ್ರಾಕ್ಟರ್ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದ ಜಾಗದಲ್ಲಿ ನಾನೂ ನಿಂತು ದಣಿವಾರಿಸಿಕೊಂಡೆ. ಐಲಿಫ್ ಕೆಳಗಿನಿಂದ ಏನೋ ಕೂಗಿದ, ಗಾಳಿಗೆ ಕೇಳಿಸಲಿಲ್ಲ, ಕೈ ಎತ್ತಿದೆ.

ಎಡಗಾಲಿನ ಸ್ಕೀಯ ಬಕಲ್ ತುಕ್ಕು ಹಿಡಿದಿದೆ. ನಾಳೆ ಎಣ್ಣೆ ಬಿಡಬೇಕು, ನಾಳೆಯೂ ಹಿಮ ಬೀಳುತ್ತದಂತೆ.